ಈಮ್ಯಾಕ್ಸ್ ಕುಲದ ದಾಯವಿಭಾಗ

ಕಲ್ಯಾಣದ ಚಾಳುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಅವಿಭಕ್ತ ಕುಟುಂಬದ ಸ್ವತ್ತಿನ ವಿಷಯದಲ್ಲಿ ಏಳಬಹುದಾದ ವ್ಯಾಜ್ಯಗಳನ್ನು ಬಹುಮಟ್ಟಿಗೆ ಊಹಿಸಿ ನಿರ್ಣಯ ಹೇಳಿರುವನಾದರೂ, ಒಂದೇ ಹೋಮ್ ಡೈರೆಕ್ಟರಿಯೊಳಗೆ ಒಂದೇ ಎಡಿಟರಿನ ಎರಡು ಮೂರು ಆವೃತ್ತಿಗಳು ಕೂಡಿ ಬಾಳುವ ಸಂದರ್ಭವನ್ನು ಕುರಿತು ಮೌನವಾಗಿರುವುದು ಪಂಡಿತರ ಗಮನಕ್ಕೆ ಇದುವರೆಗೂ ಬಾರದ ಲೋಪವಾಗಿದೆ. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಇದಕ್ಕೆ ಅಧಿಕಾರಿಯು ಯಾರೆಂದರೆ, ಹೊಸ ಆವೃತ್ತಿಯನ್ನು ತಂದು ಸ್ಥಾಪಿಸಿ ಹಳೆಯದನ್ನು ಅಳಿಸಲು ಮನಸ್ಸು ಬಾರದವನು.

ವಂಶಾವಳಿ ಮೊದಲು. ಮೂಲಪುರುಷನು 1976ರಲ್ಲಿ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಟೆಕೋ ಎಂಬ ಪ್ರಾಚೀನ ಎಡಿಟರಿಗೆ ಹೊದೆಸಿದ ಮ್ಯಾಕ್ರೋಗಳ ಕಂತೆಯಾಗಿ ಜನಿಸಿದನು. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಲೋಕಕ್ಕೆ ಹಂಚಿದ ಗ್ನೂ ಈಮ್ಯಾಕ್ಸ್ ಈ ಕುಲದ ಹಿರಿಯ ಶಾಖೆ. ಇದರಲ್ಲಿ 1.12ರ ಬಳಿಕ ಒಮ್ಮೆಗೇ 13 ಬರುವುದನ್ನು ಕಂಡು, ನಡುವಣ ತಲೆಮಾರುಗಳನ್ನು ಶಾಸನಗಳಲ್ಲಿ ಹುಡುಕಹೊರಡುವ ಇತಿಹಾಸಕಾರನು ವೃಥಾ ಶ್ರಮಪಡಬೇಕಿಲ್ಲ. ಎಂದಿಗೂ ಬದಲಾಗದ ಮೊದಲಿನ ಒಂದನ್ನು ಬರೆಯುವುದು ದಂಡವೆಂದು ಕೈಬಿಟ್ಟರು, ಅಷ್ಟೆ. 19ನೆಯ ಕುಡಿಯ ಪ್ರಸವವು ವಿಳಂಬವಾಗಲು, ಕಾಯುವ ತಾಳ್ಮೆಯಿಲ್ಲದ ಲೂಸಿಡ್ ಕಂಪನಿಯವರು 1992ರಲ್ಲಿ ಬೇರೆ ಸಂಸಾರ ಹೂಡಿದರು. 1994ರಲ್ಲಿ ಕಂಪನಿಯೇ ಮುಳುಗಿದ ಮೇಲೆ ಆ ಶಾಖೆಗೆ ಎಕ್ಸ್‌ಈಮ್ಯಾಕ್ಸ್ ಎಂದು ಪುನರ್ನಾಮಕರಣವಾಯಿತು.

ಪಿತ್ರಾರ್ಜಿತವೆಂಬುದು ಇಲ್ಲಿ ಡಾಟ್-ಈಮ್ಯಾಕ್ಸ್ ಎಂಬ ಒಂದೇ ಫೈಲು. ತಂದೆಯು ಗತಿಸಿದ ಮೇಲೆಯೇ ಮಗನಿಗೆ ಹಕ್ಕು ಎಂಬ ವಂಗದೇಶದ ಜೀಮೂತವಾಹನನ ಪಕ್ಷವು ಇಲ್ಲಿ ನಿಲ್ಲುವುದಿಲ್ಲ. ಏಕೆಂದರೆ ನೂತನ ಆವೃತ್ತಿಯು ಕಣ್ಣು ತೆರೆದೊಡನೆ, ಹಿರಿಯನು ಜೀವಂತನಾಗಿರುವಾಗಲೇ, ಆ ಫೈಲನ್ನು ಓದತೊಡಗುತ್ತದೆ. ಜನ್ಮದಿಂದಲೇ ಸ್ವತ್ವ ಎಂಬ ಮಿತಾಕ್ಷರಾ ಮತಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ? ಉಭಯ ಶಾಖೆಗಳೂ ಬಹುಕಾಲ ಅದೊಂದನ್ನೇ ಓದಿದುದು ಅನರ್ಥಕ್ಕೆ ಮೂಲವಾಯಿತು. ಗ್ನೂ ಮನೆಯವರು ಅದ್ವೈತಿಗಳು: ರೋಮನ್ ಲಿಪಿಯ ಸಣ್ಣ 'ಎ' ಅಕ್ಷರವೂ 97 ಎಂಬ ಸಂಖ್ಯೆಯೂ ಅವರಿಗೆ ಅಭಿನ್ನ. ಎಕ್ಸ್ ಮನೆಯವರು, 20ನೆಯ ಆವೃತ್ತಿಯಿಂದೀಚೆಗೆ, ಅಕ್ಷರ ಬೇರೆ ಸಂಖ್ಯೆ ಬೇರೆ ಎಂದು ಭೇದವನ್ನು ಸಾಧಿಸುವ ಶುದ್ಧ ದ್ವೈತಿಗಳು. ಆದಕಾರಣ ವಿವೇಕಿಯಾದ ಗೃಹಸ್ಥನು ಪ್ರತಿಯೊಂದು ವಿಧಿಗೂ ಮುನ್ನ 'ನೀನು ಯಾವ ಗೋತ್ರದವನು?' ಎಂದು ಪ್ರವರ ಕೇಳುವ ಷರತ್ತೊಂದನ್ನು ಬರೆದಿಡುತ್ತಿದ್ದನು. ಕಾಲಕ್ರಮದಲ್ಲಿ ವಿಧಿಗಳಿಗಿಂತ ಪ್ರವರವೇ ದೊಡ್ಡದಾಯಿತು.

ಇದಕ್ಕಿಂತ ಘೋರವಾದುದು ಪಾಕಪ್ರಕರಣ. ಲಿಸ್ಪ್ ಮೂಲವು ಹಸಿ ಧಾನ್ಯ, ಬೈಟ್-ಕಂಪೈಲ್ ಆದ ಫೈಲು ಸಿದ್ಧಾನ್ನ. ಹಿರಿಯನು ಬೇಯಿಸಿದುದನ್ನು ಕಿರಿಯನು ಗೊಣಗುತ್ತಲಾದರೂ ಉಣ್ಣುವನು. ಕಿರಿಯನ ಅಡುಗೆ ಹಿರಿಯನಿಗೆ ಅರಗದು. 2018ರ 26ನೆಯ ಆವೃತ್ತಿಯು 'ಸ್ವಿಚ್' ಎಂಬ ಹೊಸ ಬೈಟ್‌ಕೋಡ್ ಆದೇಶವನ್ನು ಒಗ್ಗರಣೆಗೆ ಹಾಕಿದಂದಿನಿಂದ, 25ರ ಮುಂದೆ ಆ ಎಡೆಯನ್ನು ಬಡಿಸಿದವನು ಎರರನ್ನೇ ದಕ್ಷಿಣೆಯಾಗಿ ಪಡೆಯಬಹುದು. ಧಾನ್ಯವು ಹೊಸದಾಗಿ ಬಂದಿದ್ದರೂ ಹಳಸಿದ ಅನ್ನವನ್ನೇ ಎತ್ತಿಕೊಳ್ಳುವುದು ಕುಲಾಚಾರ. ಹೊಸದನ್ನು ಆರಿಸುವ ಅನುಮತಿ 24.4ರಲ್ಲಿ, ಅಂದರೆ 2014ರಲ್ಲಿ ದೊರೆಯಿತಾದರೂ, ಯಜಮಾನನು ಬಾಯಿಬಿಟ್ಟು ಹೇಳದ ಹೊರತು ಅದು ಜಾರಿಗೆ ಬಾರದು. ಕುಲಾಚಾರಗಳು ಎಲ್ಲೆಡೆಯೂ ಹೀಗೆಯೇ ಸುಧಾರಿಸುತ್ತವೆ.

2022ರ 28ನೆಯವನು, ಯಂತ್ರಭಾಷೆಗೇ ಇಳಿಸಿದ ತನ್ನ ಪಾಕವನ್ನು ಆವೃತ್ತಿಯ ಹೆಸರು ಹೊತ್ತ ಪ್ರತ್ಯೇಕ ಕೋಣೆಯಲ್ಲಿಟ್ಟು ಮಡಿ ಕಾಯ್ದುಕೊಂಡನು. ಮರುವರ್ಷದ 29ನೆಯವನಂತೂ 'ಇನಿಟ್-ಡೈರೆಕ್ಟರಿ' ಎಂಬ ಆಜ್ಞೆಯ ಮೂಲಕ ಬೇರೆ ಮನೆ ಮಾಡುವ ಅಧಿಕಾರವನ್ನೇ ಪಡೆದನು. ತಂದೆಯಿರುವಾಗಲೇ ಪಾಲು ಕೇಳಲು ಮಿತಾಕ್ಷರಾ ಮತದಲ್ಲಿ ಪುತ್ರನಿಗೆ ಅವಕಾಶವುಂಟಷ್ಟೆ. ಅದೇ ಆಜ್ಞೆಯನ್ನು ಹಿರಿಯರಿಗೆ ಹೇಳಿನೋಡಿದರೆ, ಅಂತಹ ಆಯ್ಕೆಯನ್ನು ತಾವು ಅರಿಯೆವೆಂದು ಮುಖ ತಿರುಗಿಸುವರು. ಆದ್ದರಿಂದ ಮನೆ ಬಿಡತಕ್ಕವನು ಕಿರಿಯನೇ. ಹೊರಡುವ ಮುನ್ನ ಅವನು ಹಳೆಯ ಮನೆಯಲ್ಲಿ ಬೇಯಿಸಿಟ್ಟ ಫೈಲುಗಳು ಹಿರಿಯನ ಪಾಲಿಗೆ ಸೇರತಕ್ಕವು. ಅವನ್ನು ಚೆಲ್ಲಿ, ಪಾತ್ರೆ ತೊಳೆದು, ಹಿರಿಯನ ಕೈಯಿಂದಲೇ ಮತ್ತೊಮ್ಮೆ ಪಾಕ ಮಾಡಿಸುವ ಹೊಣೆಯು ಗೃಹಸ್ಥನದೆಂದು ನಿರ್ಣಯ.