ಕವರ್ ಹಿಡಿದವರು

ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರನ್ನು ಎದೆಗವಚಿಕೊಂಡು, ಡಾಕ್ಟರ ಬಾಗಿಲ ಮೇಲೆ ಕಣ್ಣಿಟ್ಟು ಕೂತವರು ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿ ಎಂಬ ಭೇದವಿಲ್ಲದೆ ಎಲ್ಲೆಡೆ ಕಾಣಸಿಗುತ್ತಾರೆ. ವಯಸ್ಸು ಸಾಮಾನ್ಯವಾಗಿ ನಲವತ್ತರ ಮೇಲೆ. ಗಂಡಸಾದರೆ ಕವರು ಹೆಂಡತಿಯ ಕೈಯಲ್ಲಿರುತ್ತದೆ. ಹೆಂಗಸಾದರೆ ಕವರು ಅವರ ಕೈಯಲ್ಲೇ, ಗಂಡ ಪಾರ್ಕಿಂಗ್ ಹುಡುಕುತ್ತಿರುತ್ತಾರೆ. ಇವರನ್ನು ಕಾಯಿಲೆಯ ಗೀಳಿನವರ ಜೊತೆ ಸೇರಿಸುವುದು ಅನ್ಯಾಯ. ಗೀಳಿನವರಿಗೆ ಕಾಯಿಲೆ ಬೇಕು. ಇವರಿಗೆ ಬೇಕಿರುವುದು ‘ಏನೂ ಇಲ್ಲ, ಹೋಗಿ’ ಎಂಬ ಮಾತು, ಅದೂ ಇವತ್ತೇ.

ಈ ವರ್ಗದವರು ಹುಟ್ಟುವುದು ಬಹುಮಟ್ಟಿಗೆ ಶನಿವಾರ ರಾತ್ರಿ. ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರು ಮತ್ತೆ ಸಿಗುವುದು ಸೋಮವಾರ ಹನ್ನೊಂದರ ಮೇಲೆ. ಪಿಡಿಎಫ್ ಮಾತ್ರ ಊಟಕ್ಕೆ ಕೂರುವ ಹೊತ್ತಿಗೆ ವಾಟ್ಸಾಪಿನಲ್ಲಿ ಬಂದು ಬೀಳುತ್ತದೆ. ಹಿಂದೆ ಗೋಂದು ಹಚ್ಚಿದ ಕವರಿನಲ್ಲಿ ಕೊಡುತ್ತಿದ್ದರು, ಒಡೆದರೆ ಡಾಕ್ಟರು ಬೈದಾರು ಎಂಬ ಅಂಜಿಕೆಯೇ ಎರಡು ದಿನ ಕಾಯಿಸುತ್ತಿತ್ತು. ಪಿಡಿಎಫ್‌ಗೆ ಗೋಂದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರ ಪಾಡು ಇನ್ನೂ ಒಂದು ಕೈ ಮೇಲು. ಫಲಿತಾಂಶವನ್ನು ತಡೆಹಿಡಿಯದೆ ರೋಗಿಗೆ ತಲುಪಿಸಬೇಕೆಂಬ ಕೇಂದ್ರ ಸರ್ಕಾರದ ನಿಯಮ ಅಲ್ಲಿ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ, ಡಾಕ್ಟರು ನೋಡುವ ಮೊದಲೇ ರಿಪೋರ್ಟು ರೋಗಿಯ ಮೊಬೈಲಿಗೆ ಬಂದಿರುತ್ತದೆ. ಅಲ್ಲಿನ ಮಗ ಅದನ್ನು ಮೈಸೂರಿನ ಅಮ್ಮನಿಗೆ ಹೇಳದೆ ಇರಲಾರ. ಹೇಳಿದ ಮೇಲೆ ಎರಡು ಖಂಡಗಳಲ್ಲಿ ನಿದ್ದೆ ಇಲ್ಲ.

ರಿಪೋರ್ಟು ಓದುವುದರಲ್ಲೂ ಇವರದೊಂದು ಪದ್ಧತಿಯಿದೆ. ನೇರವಾಗಿ ಕೊನೆಯ ‘ಇಂಪ್ರೆಷನ್’ ಭಾಗಕ್ಕೆ ಹೋಗುತ್ತಾರೆ. ಲಿವರ್ ಸರಿಯಿದೆ, ಗುಲ್ಮ ಸರಿಯಿದೆ, ಎರಡು ಕಿಡ್ನಿಯೂ ಇದ್ದಲ್ಲೇ ಇವೆ ಎಂದು ಮೇಲೆ ಒಂದು ಪುಟ ತುಂಬ ಬರೆದದ್ದು ಲೆಕ್ಕಕ್ಕಿಲ್ಲ. ದಪ್ಪಕ್ಷರದಲ್ಲಿರುವುದೆಲ್ಲ ಅಪಾಯ. ನಾಲ್ಕು ಮಿಲಿಮೀಟರಿನ ಗಂಟು ಮನೆಯವರ ಬಾಯಲ್ಲಿ ಅರ್ಧ ಗಂಟೆಯೊಳಗೆ ನಾಲ್ಕು ಸೆಂಟಿಮೀಟರ್ ಆಗಿರುತ್ತದೆ. ಶ್ವಾಸಕೋಶದಲ್ಲಿ ಆಕಸ್ಮಿಕವಾಗಿ ಕಂಡ ಆರು ಮಿಲಿಮೀಟರಿಗಿಂತ ಚಿಕ್ಕ ಗಟ್ಟಿ ಗಂಟು, ಸಿಗರೇಟಿನಂಥ ಅಪಾಯದ ಹಿನ್ನೆಲೆಯಿಲ್ಲದ ವಯಸ್ಕರಲ್ಲಿ ಇದ್ದರೆ, ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕಿಲ್ಲ ಎನ್ನುತ್ತದೆ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ. ಶನಿವಾರ ರಾತ್ರಿ ಹನ್ನೊಂದಕ್ಕೆ ಆ ಮಾರ್ಗಸೂಚಿ ಹೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ, ಗೂಗಲ್ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಣ್ಣೀರು ತರಿಸುವುದು ಅಂಕಿಗಳು. ಸ್ತನದ ಮ್ಯಾಮೊಗ್ರಾಮಿಗೆ ಅಮೆರಿಕದ ರೇಡಿಯಾಲಜಿ ಕಾಲೇಜು ರೂಪಿಸಿದ ಬೈರಾಡ್ಸ್ ಎಂಬ ವರ್ಗೀಕರಣ 0ಯಿಂದ 6ರವರೆಗೆ ಇದೆ. ಅದರಲ್ಲಿ 2 ಎಂದರೆ ಕಂಡದ್ದು ನಿರಪಾಯಕಾರಿ. ಮನೆಯಲ್ಲಿ ಅದು ‘ಸೆಕೆಂಡ್ ಸ್ಟೇಜ್’ ಆಗಿ ಅತ್ತಿಗೆ ಆಗಲೇ ಬಸ್ಸು ಹತ್ತಿರುತ್ತಾರೆ. ಸೊನ್ನೆ ಬಂದವರು ಪೇಡಾ ಹಂಚುತ್ತಾರೆ. ಸೊನ್ನೆಯ ಅರ್ಥ ಈ ಚಿತ್ರದಿಂದ ತೀರ್ಮಾನಿಸಲಾಗದು, ಇನ್ನಷ್ಟು ಪರೀಕ್ಷೆ ಬೇಕು ಎಂದು. ಬೆನ್ನಿನ ಎಂಆರ್‌ಐ ಮಾಡಿಸಿದವರು ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ ಓದಿ ತರಕಾರಿ ಚೀಲ ಎತ್ತುವುದನ್ನು ಬಿಡುತ್ತಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ಪ್ರಾಯದಲ್ಲಿ ಶೇ 30 ಮಂದಿಗೆ, ಎಂಬತ್ತರಲ್ಲಿ ಶೇ 84 ಮಂದಿಗೆ ಆ ಉಬ್ಬು ಇತ್ತು. ಚೀಲ ಎತ್ತದಿರಲು ಒಂದು ಕಾರಣ ಸಿಕ್ಕ ಗಂಡಸರಿಗೆ ಈ ಅಂಕಿಅಂಶ ಹೇಳಿ ಪ್ರಯೋಜನವಿಲ್ಲ. ರಿಪೋರ್ಟಿನ ತುದಿಯಲ್ಲಿ ‘ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್’ ಎಂದಿರುತ್ತದೆ: ಚಿತ್ರ ಮಾತ್ರ ನೋಡಿದ್ದೇನೆ, ಆಸಾಮಿಯನ್ನು ಕೂರಿಸಿಕೊಂಡು ಕೇಳುವವರು ಕೇಳಲಿ ಎಂಬ ರೇಡಿಯಾಲಜಿಸ್ಟರ ಸೂಚನೆ. ಕವರ್ ಹಿಡಿದವರಿಗೆ ಅದು ಬಾಯಿಬಿಟ್ಟು ಹೇಳಲಾಗದ ಕೆಟ್ಟ ಸುದ್ದಿ.

ಭಾನುವಾರ ಸಮಾಲೋಚನೆಗಳ ದಿನ. ಮೊದಲು ಮೆಡಿಕಲ್ ಶಾಪಿನವನು, ಆಮೇಲೆ ಮೆಡಿಕಲ್ ರೆಪ್ ಆಗಿರುವ ಷಡ್ಡಕ, ಕೊನೆಗೆ ಎಂಬಿಬಿಎಸ್ ಎರಡನೇ ವರ್ಷದಲ್ಲಿರುವ ನಾದಿನಿಯ ಮಗಳು. ಎರಡನೇ ವರ್ಷದವರಿಗೆ ಪೆಥಾಲಜಿ ಪಾಠ ನಡೆಯುತ್ತಿರುತ್ತದೆ; ಇರುವ ಕಾಯಿಲೆಗಳಲ್ಲೆಲ್ಲ ಭೀಕರವಾದವು ಆಗಷ್ಟೇ ಬಾಯಿಪಾಠವಾಗಿರುತ್ತವೆ. ‘ದೊಡ್ಡಪ್ಪಾ, ಡಿಫರೆನ್ಷಿಯಲ್ಸ್ ತುಂಬಾ ಇವೆ’ ಎಂದು ಆ ಹುಡುಗಿ ಹೇಳಿದ ಮೇಲೆ ಮನೆಯಲ್ಲಿ ಹರಕೆ ಶುರು. ಹರಕೆಯ ಗಾತ್ರ ಗಂಟಿನ ಗಾತ್ರವನ್ನು ಅನುಸರಿಸುತ್ತದೆ. ಮಿಲಿಮೀಟರಿನವರೆಗೆ ಊರ ಗಣಪತಿಗೆ ಕಾಯಿ ಸಾಕು, ಸೆಂಟಿಮೀಟರ್ ಮುಟ್ಟಿದರೆ ಮಂತ್ರಾಲಯ, ಎರಡು ಅಂಕಿ ದಾಟಿದರೆ ತಿರುಪತಿಯಲ್ಲಿ ಮುಡಿ.

ಡಾಕ್ಟರನ್ನು ಹಿಡಿಯುವ ಪ್ರಯತ್ನಗಳು ಇದರ ಜೊತೆಜೊತೆಗೇ ನಡೆಯುತ್ತವೆ. ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟಿಗೆ ಎರಡು ಗೆರೆ ನೀಲಿಯಾದವು, ಉತ್ತರ ಬರಲಿಲ್ಲ. ಏನೂ ಇಲ್ಲವೆಂದು ಸುಮ್ಮನಿದ್ದಾರೋ, ಹೇಗೆ ಹೇಳುವುದೆಂದು ಸುಮ್ಮನಿದ್ದಾರೋ? ಮಿದುಳಿನ ರಕ್ತಸ್ರಾವದಂಥ ತುರ್ತು ಸಂಗತಿ ಕಂಡರೆ ರೇಡಿಯಾಲಜಿಸ್ಟರೇ ಸ್ಕ್ಯಾನ್ ಬರೆದ ಡಾಕ್ಟರಿಗೆ ಫೋನ್ ಮಾಡುವುದು ವಾಡಿಕೆ. ಅಷ್ಟು ತುರ್ತಲ್ಲದ್ದಕ್ಕೆ ಮೌನದಿಂದ ಯಾವ ಅರ್ಥವೂ ಹೊರಡುವುದಿಲ್ಲ. ಫೋನ್, ವಿಡಿಯೊ, ಮೆಸೇಜಿನ ಮೂಲಕ ಸಲಹೆ ಕೊಡಲು ಭಾರತದಲ್ಲಿ 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಅದಕ್ಕೆ ಫೀಸನ್ನೂ ಪಡೆಯಬಹುದು. ಕವರ್ ಹಿಡಿದವರು ಫೀಸು ಕೊಟ್ಟು ಫೋನಿನಲ್ಲಿ ಸಮಯ ಕೇಳುವುದಿಲ್ಲ; ‘ನೋಡಿ ಹೇಳಿ ಸಾರ್’ ಎಂದು ಕೈಮುಗಿದ ಎಮೋಜಿ ಹಾಕುತ್ತಾರೆ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಅದರ ಅರ್ಥ ಹೇಳುವುದಕ್ಕೆ ಅಂಥ ಗಂಟೆಯ ಲೆಕ್ಕವಿಲ್ಲ.

ಸ್ಕ್ಯಾನ್ ಬರೆಯಿಸಿಕೊಳ್ಳುವಾಗಲೇ ‘ರಿಪೋರ್ಟ್ ಯಾವಾಗ ತೋರಿಸಲಿ, ನೀವಿಲ್ಲದಿದ್ದರೆ ಯಾರಿಗೆ ತೋರಿಸಲಿ’ ಎಂದು ಕೇಳಿಟ್ಟುಕೊಂಡವರು ಸಾಧಾರಣವಾಗಿ ಈ ವರ್ಗಕ್ಕೆ ಸೇರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಎಲ್ಲರೂ ಕೇಳುವುದು, ಖಾಲಿ ಹೊಟ್ಟೆಯಲ್ಲಿ ಬರಬೇಕೇ, ಒಂದು ಲೋಟ ಕಾಫಿ ಕುಡಿಯಬಹುದೇ ಎಂದು.

ಸೋಮವಾರ ಬಾಗಿಲ ಬಳಿ ಕೂತ ಸಿಸ್ಟರಿಗೆ ಹೇಳುವ ಮಾತು ಒಂದೇ: ‘ಬರೀ ರಿಪೋರ್ಟ್ ತೋರಿಸೋದು ಸಿಸ್ಟರ್, ಎರಡೇ ನಿಮಿಷ.’ ಸಿಸ್ಟರು ತಲೆಯೆತ್ತದೆ ‘ಇಲ್ಲಿ ಕೂತಿರೋರೆಲ್ಲ ಅದಕ್ಕೇ ಬಂದಿರೋದು’ ಎನ್ನುತ್ತಾರೆ. ಡಾಕ್ಟರು ರೌಂಡ್ಸ್‌ನಲ್ಲಿದ್ದಾರೆ, ರೌಂಡ್ಸ್ ಮುಗಿದರೆ ಓಟಿಯಲ್ಲಿದ್ದಾರೆ, ಓಟಿಯಿಂದ ಬಂದರೆ ಊಟಕ್ಕೆ ಹೋಗಿದ್ದಾರೆ, ಪಾಪ, ಅವರೂ ಮನುಷ್ಯರೇ. ಈ ನಡುವೆ ಕವರಿನಿಂದ ಫಿಲಂ ತೆಗೆದು ಟ್ಯೂಬ್‌ಲೈಟಿಗೆ ಹಿಡಿಯುವುದು, ಬಹಳ ಸಲ ತಲೆಕೆಳಗಾಗಿ, ಮತ್ತು ಪಕ್ಕದವರ ಫಿಲಂ ಜೊತೆ ಹೋಲಿಸುವುದು ನಡೆಯುತ್ತದೆ. ಪಕ್ಕದವರದು ಮೊಣಕಾಲಿನದು.

ಒಳಗಿನ ಭೇಟಿಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಡಾಕ್ಟರು ಕೊನೆಯ ಸಾಲು ಓದುತ್ತಾರೆ, ಹೊಟ್ಟೆ ಒತ್ತಿ ‘ನೋವಿದೆಯಾ?’ ಎನ್ನುತ್ತಾರೆ, ‘ಸಿಂಪಲ್ ಸಿಸ್ಟ್, ಏನೂ ಮಾಡೋದು ಬೇಡ’ ಎಂದೋ, ‘ಆರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ’ ಎಂದೋ ಹೇಳುತ್ತಾರೆ. ಚೀಟಿಯಲ್ಲಿ ಬರೆದು ತಂದ ಒಂಬತ್ತು ಪ್ರಶ್ನೆಗಳಲ್ಲಿ ಕೇಳಿದ್ದು ಒಂದೇ: ಅನ್ನ ತಿನ್ನಬಹುದಾ? ಉಳಿದ ಎಂಟು ಲಿಫ್ಟಿನಲ್ಲಿ ನೆನಪಾಗುತ್ತವೆ.

‘ಏನೂ ಬೇಡ’ ಎನ್ನಿಸಿಕೊಂಡು ಬಂದವರು ಸಂಜೆಯೊಳಗೆ ತಿರುಪತಿಯನ್ನು ಊರ ಗಣಪತಿಗೆ ಇಳಿಸಿರುತ್ತಾರೆ, ಒಂದು ವಾರದಲ್ಲಿ ಬೀದಿಯವರ ರಿಪೋರ್ಟುಗಳನ್ನೆಲ್ಲ ತಾವೇ ಓದಿ ಧೈರ್ಯ ಹೇಳತೊಡಗುತ್ತಾರೆ. ಆರು ತಿಂಗಳ ಮಾತು ಕೇಳಿದವರಲ್ಲಿ ಎರಡು ಬಗೆ. ಒಬ್ಬರು ಮೂರನೇ ತಿಂಗಳಿಗೇ ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಇನ್ನೊಬ್ಬರು ಆ ಮಾತನ್ನು ಪೂರ್ತಿ ಮರೆಯುತ್ತಾರೆ. ನಿಜಕ್ಕೂ ಚಿಂತೆ ಮಾಡಬೇಕಾದ್ದು ಇವರ ವಿಷಯದಲ್ಲಿ, ಏಕೆಂದರೆ ಗಂಟು ಬೆಳೆದಿದೆಯೇ ಎಂದು ತಿಳಿಯಲು ಎರಡನೇ ಚಿತ್ರ ಬೇಕೇ ಬೇಕು. ಎಚ್ಚರದಿಂದ ಸರಿಯಾದ ದಿನಕ್ಕೆ ಹೋದವರನ್ನು ಸ್ಕ್ಯಾನಿಂಗ್ ಸೆಂಟರಿನವರು ಮೊದಲು ಕೇಳುವುದು ‘ಹಳೇ ಫಿಲಂ ತಂದಿದ್ದೀರಾ?’ ಎಂದು. ಇಡೀ ಮನೆಯವರ ಕೈಯಲ್ಲಿ ಓಡಾಡಿ, ಷಡ್ಡಕನವರೆಗೆ ಹೋಗಿ ಬಂದ ಆ ಕವರೊಂದು ಮಾತ್ರ ಅವತ್ತು ಬೀರುವಿನಲ್ಲಿ ಉಳಿದಿರುತ್ತದೆ.