ಕಿಟಕಿಗೆಷ್ಟು ಚೌಕ?

ಮನೆ ಕಟ್ಟಿಸುವವನಿಗೆ ಊರೆಲ್ಲ ಸಲಹೆಗಾರರೇ. ಪಾಯ, ಗೋಡೆ, ಮೋಲ್ಡು ಆಗುವ ತನಕ ಮರ್ಯಾದೆಯಿಂದ ದೂರ ನಿಂತಿರುತ್ತಾರೆ. ಕಿಟಕಿಯ ಮಾತು ಬಂತೋ, ಮುಗಿಯಿತು! ನಲ್ಲೂರಿನ ನಮ್ಮ ಮನೆಗೂ ಹಾಗೇ ಆಯಿತು. ಬೆಂಗಳೂರಿನಿಂದ ಬಂದ ಭಾವಮೈದ, "ಭಾವ, ಗಾಜಲ್ಲಿ ಸಣ್ಣ ಸಣ್ಣ ಚೌಕ ಇರ್ಲಿ, ಹಳೇ ಬಂಗಲೆ ಲುಕ್ ಬರುತ್ತೆ" ಅಂದ. ಅಮ್ಮ, "ಸರಳು ಹಾಕ್ಸಪ್ಪ, ಬೆಕ್ಕು ಹಾಲಿಗೆ ಬಂದ್ರೆ ನಿಮ್ಮ ಲುಕ್ಕು ತಡೀತದಾ?" ಅಂದರು. ಗ್ರಿಲ್ಲಿನವನು ಉದಯಸೂರ್ಯ, ನವಿಲುಗಳ ಆಲ್ಬಮ್ಮನ್ನೇ ತಂದ. ನಾನು ಮನೆಯ ಯಜಮಾನ. ಆದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ.

ಈ ಸಣ್ಣ ಚೌಕಗಳು ಹುಟ್ಟಿದ್ದು ಅಂದಕ್ಕಾಗಿ ಅಲ್ಲ. ಗಾಜನ್ನು ಬಾಯಲ್ಲಿ ಊದಿ ಮಾಡುತ್ತಿದ್ದ ಕಾಲದಲ್ಲಿ ದೊಡ್ಡ ಹಾಳೆ ಸಿಗುವುದೇ ಕಷ್ಟ. ಸಿಕ್ಕ ತುಂಡುಗಳನ್ನು ಮರದ ಪಟ್ಟಿಗಳಲ್ಲಿ ಕೂರಿಸಿದರು. ಇಂಗ್ಲೆಂಡಿನಲ್ಲಂತೂ 1696ರಿಂದ 1851ರವರೆಗೆ ಕಿಟಕಿಗೂ ತೆರಿಗೆ. ಜನ ಇದ್ದ ಕಿಟಕಿಯನ್ನೇ ಇಟ್ಟಿಗೆಯಿಂದ ಮುಚ್ಚಿಕೊಂಡರು. ಈಗ ಗೋಡೆಯಗಲದ ಗಾಜು ಸಲೀಸಾಗಿ ಸಿಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಚೌಕ ಮಾಡುವುದು ಬನೀನಿನ ಮೇಲೆ ಟೈ ಚಿತ್ರ ಬಿಡಿಸಿಕೊಂಡ ಹಾಗೆ.

ನಮ್ಮ ತೊಟ್ಟಿಮನೆಗಳಿಗೆ ಗಾಜಿನ ಗೊಡವೆಯೇ ಇರಲಿಲ್ಲ. ಬೆಳಕು ತೊಟ್ಟಿಯಿಂದ, ಗಾಳಿ ಸರಳಿನ ಕಿಟಕಿಯಿಂದ. ಬೆಂಗಳೂರು ದಂಡಿನ ಬಂಗಲೆಗಳಿಗೆ ಮಂಕಿ ಟಾಪ್ ಎಂಬ ಮರದ ಚೂಪು ಟೋಪಿಯೂ ಜಾಲರಿಯೂ ಒಪ್ಪಿದವು. ಅಲ್ಲಿ ಇಳಿಜಾರು ಹೆಂಚಿತ್ತು, ವರಾಂಡವಿತ್ತು. ಇನ್ನು ನಮಗೆ ಹತ್ತಿರದ ನಂದಿಯ ಭೋಗನಂದೀಶ್ವರನ ಗುಡಿಗೆ ಹೋಗಿ ಜಾಲಂಧ್ರ ಎಂಬ ಕಲ್ಲಿನ ಕಿಟಕಿ ನೋಡಿ. ಕಲ್ಲನ್ನೇ ಕೊರೆದು ಶಿವನನ್ನು ಕುಣಿಸಿದ್ದಾರೆ. ಅವನ ಕೈಕಾಲಿನ ಸಂದಿಯಿಂದಲೇ ಒಳಗೆ ಬೆಳಕು. ಅಲ್ಲಿ ವಿನ್ಯಾಸ ಬೇರೆ, ಕಿಟಕಿ ಬೇರೆ ಅಲ್ಲ.

ನಮ್ಮದೋ, ಚಪ್ಪಟೆ ತಾರಸಿಯ ಸಿಮೆಂಟು ಡಬ್ಬಿ. ಅದಕ್ಕೆ ಬಂಗಲೆಯ ಚೌಕ ಹಾಕಿದರೆ ನೋಡಿದವರು ನಗುತ್ತಾರೆ. ಮೇಲಾಗಿ, ಚೌಕ ಒಂದಾದರೆ ಧೂಳು ಕೂರುವ ಮೂಲೆ ನಾಲ್ಕು. ಒರೆಸುವವರು ಯಾರು ಎಂದು ಭಾವಮೈದನನ್ನು ಕೇಳಿದೆ. ಅವನಿಗೆ ಆಗಲೇ ಬಸ್ಸಿಗೆ ಹೊತ್ತಾಗಿತ್ತು.

ಅಲ್ಲದೆ ನಲ್ಲೂರಿನಲ್ಲಿ ನೋಡಲಿಕ್ಕೆ ಹುಣಸೆ ತೋಪಿದೆ ಸ್ವಾಮಿ! 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅನ್ನಿಸಿಕೊಂಡ, 54 ಎಕರೆಯ ತೋಪು. ಒಂದೊಂದು ಬೊಡ್ಡೆಯೂ ಹಗ್ಗ ಹೊಸೆದಂತೆ ತಿರುಚಿಕೊಂಡು, ಗಂಟುಗಂಟಾಗಿ, ನಡುವೆ ಪೊಳ್ಳಾಗಿ ನಿಂತಿದೆ. ಇಂಥ ಊರಲ್ಲಿ ಕಿಟಕಿ ಇಟ್ಟು, ಎದುರಿನ ಮರವನ್ನು ಹನ್ನೆರಡು ಚೌಕಕ್ಕೆ ಕತ್ತರಿಸಿಕೊಂಡು ನೋಡುವುದು ಯಾವ ನ್ಯಾಯ?

ಆದ್ದರಿಂದ ಮನೆ ಕಟ್ಟಿಸುವವರಿಗೆ ನನ್ನದೂ ಒಂದು ಸಲಹೆ. ಹೆಂಚಿನ ಮನೆಯಾದರೆ ಚೌಕ ಇಡಿ, ತಾರಸಿಯದಾದರೆ ಗಾಜನ್ನು ಸುಮ್ಮನೆ ಬಿಡಿ, ಅಮ್ಮನಿದ್ದರೆ ಸರಳು ಹಾಕಿಸಿ. ಸೊಳ್ಳೆ ಮೆಶ್ ಮಾತ್ರ ಯಾವ ಶೈಲಿಯ ಮನೆಗಾದರೂ ಮರೆಯಬೇಡಿ.