ತಿಳಿದ ಮಟ್ಟಿಗೆ ಇಲ್ಲ

ಇಂಗ್ಲೆಂಡಿನಲ್ಲಿ ಮನೆ ಮಾರುವವರು, ಕೊಳ್ಳುವವರು ಎದುರುಬದುರು ಕೂತು ಮಾತಾಡಿದರೆ ವ್ಯವಹಾರ ಬೇಗ ಮುಗಿದುಹೋಗುವ ಅಪಾಯವಿದೆ. ಹಾಗಾಗದಂತೆ ನೋಡಿಕೊಳ್ಳಲು ಆ ಕಡೆಗೊಬ್ಬರು, ಈ ಕಡೆಗೊಬ್ಬರು ಸಾಲಿಸಿಟರ್ ಇರುತ್ತಾರೆ. ಟೋಪನ್ ತೊಟ್ಟು ದೊಡ್ಡ ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಬೇರೆ, ಕಚೇರಿಯಲ್ಲಿ ಕೂತು ಕಾಗದ ಪತ್ರ ನೋಡುವ ಸಾಲಿಸಿಟರ್ ಬೇರೆ. ನಮ್ಮ ಸಾಲಿಸಿಟರ್ ಮೇಡಂ ಮುಖವನ್ನು ನಾವು ಇವತ್ತಿಗೂ ಕಂಡಿಲ್ಲ. ಅವರು ಮಾತ್ರ ನಮ್ಮದನ್ನು ಕಂಡಿದ್ದಾರೆ. ಗುರುತು ಪರಿಶೀಲನೆಗೆಂದು ಫೋನಿನ ಆಪಿನಲ್ಲಿ ಎಡಕ್ಕೆ, ಬಲಕ್ಕೆ ತಿರುಗಿಸಿ ತೋರಿಸಿದ್ದೇವೆ.

ಮನೆ ನಾಟಿಂಗ್‌ಹ್ಯಾಮಿನದು, 1930ರ ದಶಕದಲ್ಲಿ ಕಟ್ಟಿದ್ದು, ಪಕ್ಕದವರೊಂದಿಗೆ ಒಂದು ಗೋಡೆ ಹಂಚಿಕೊಂಡದ್ದು. ಮಾರುತ್ತಿದ್ದ ಅಜ್ಜಿ ಮೊದಲ ಭೇಟಿಯಲ್ಲೇ ಚಹಾ ಕೊಟ್ಟು ಎಲ್ಲ ಹೇಳಿಬಿಟ್ಟರು. ಎಡಗಡೆ ಬೇಲಿ ನಮ್ಮದು, ಬಲಗಡೆಯದು ಪಕ್ಕದವರದು. ಬಾಯ್ಲರ್ ಜನವರಿಯಲ್ಲಿ ಮುನಿಸಿಕೊಳ್ಳುತ್ತದೆ, ಸ್ವಲ್ಪ ತಟ್ಟಬೇಕು. ಪಕ್ಕದ ಮನೆಯಾತ ಟ್ರಂಪೆಟ್ ಊದುತ್ತಾನೆ, ಭಾನುವಾರ ಮಾತ್ರ, ಪರವಾಗಿಲ್ಲ ಅನ್ನುವ ಹಾಗೆ.

ಇದನ್ನೇ ನಮ್ಮ ಸಾಲಿಸಿಟರ್ ಅಜ್ಜಿಯ ಸಾಲಿಸಿಟರಿಗೆ ಬರೆದು ಕೇಳಿದರು. ವಾರಗಳಾದ ಮೇಲೆ ಉತ್ತರ ಬಂತು. ಬೇಲಿ ಯಾರದು? ಮಾರುವವರಿಗೆ ಖಚಿತವಿಲ್ಲ. ಬಾಯ್ಲರ್ ಸರಿಯಾಗಿದೆಯೇ? ಕೊಳ್ಳುವವರು ತಾವೇ ಪರೀಕ್ಷಿಸಿಕೊಳ್ಳತಕ್ಕದ್ದು. ನೆರೆಯವರೊಂದಿಗೆ ತಂಟೆ ತಕರಾರು? ಮಾರುವವರಿಗೆ ತಿಳಿದ ಮಟ್ಟಿಗೆ ಇಲ್ಲ. ಅಜ್ಜಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಕಾಗದಕ್ಕೆ ಇಳಿಯುವಷ್ಟರಲ್ಲಿ ಗೊತ್ತಿಲ್ಲದ್ದಾಗಿತ್ತು. ಕಾರಣವಿದೆ. ಬರೆದುಕೊಟ್ಟ ಮಾತು ಸುಳ್ಳಾದರೆ ಅಜ್ಜಿಯ ಮೇಲೆ ದಾವೆ ಹಾಕಲು 1967ರ ಕಾಯಿದೆಯೇ ಇದೆ. ಗೊತ್ತಿಲ್ಲ ಎಂದವರ ಮೇಲೆ ದಾವೆ ಹಾಕುವುದು ಅಷ್ಟು ಸುಲಭವಲ್ಲ.

ಇತ್ತ ಅರಸೀಕೆರೆಯಿಂದ ಅಪ್ಪನ ಫೋನು. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

“ಮೂಲಪತ್ರ ನೋಡಿದ್ಯೇನೋ?”

“ಇಲ್ಲಿ ಮೂಲಪತ್ರ ಇರೋದಿಲ್ಲಪ್ಪ. ಲ್ಯಾಂಡ್ ರಿಜಿಸ್ಟ್ರಿಯ ಕಂಪ್ಯೂಟರಿನಲ್ಲಿ ಹೆಸರಿದ್ರೆ ಅದೇ ಹಕ್ಕು. ತಪ್ಪಾದ್ರೆ ಅವರೇ ಪರಿಹಾರ ಕೊಡ್ತಾರೆ.”

“ಕೈಗೆ ಏನೂ ಬರಲ್ವಾ?”

“7 ಪೌಂಡ್ ಕಟ್ಟಿದ್ರೆ ಪ್ರತಿ ಸಿಗುತ್ತೆ. ಯಾರು ಕಟ್ಟಿದ್ರೂ ಸಿಗುತ್ತೆ.”

ಮನೆಪತ್ರವನ್ನು ಬೀರುವಿನ ಒಳಖಾನೆಯಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ ಇಟ್ಟು ಬದುಕಿದ ಮನುಷ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚಕ್ಕುಬಂದಿ ಕೇಳಿದರು. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು? ನಕ್ಷೆಯಲ್ಲಿ ಒಂದು ದಪ್ಪ ಕೆಂಪು ಗೆರೆ ಇದೆ, ಅದು ಗಡಿಯನ್ನು ಸುಮಾರಾಗಿ ಮಾತ್ರ ತೋರಿಸುತ್ತದೆ, ಕರಾರುವಾಕ್ಕಾಗಿ ಅಲ್ಲ ಎಂದು ಕಾನೂನೇ ಹೇಳುತ್ತದೆ ಎಂದೆ.

“ಸುಮಾರಾಗಿ! ನಮ್ಮ ಮೇಲೆ ಇನ್ನೂರು ವರ್ಷ ರಾಜ್ಯಭಾರ ಮಾಡಿ, ಇಂಚು ಇಂಚು ಸರ್ವೆ ಮಾಡಿಸಿ, ತಮ್ಮನೇಲಿ ಸುಮಾರಾಗಿ! ಹದ್ದುಬಸ್ತು ಮಾಡಿಸೋ ಮೊದಲು.”

ಹದ್ದುಬಸ್ತಿನ ಬದಲು ಸರ್ಚು ಎಂಬ ತಪಾಸಣೆಗಳು ಶುರುವಾದವು. ಕೌನ್ಸಿಲ್ಲಿನದು ಒಂದು, ನೀರು ಮತ್ತು ಚರಂಡಿಯದು ಒಂದು, ಪರಿಸರದ್ದು ಒಂದು. ನಾಟಿಂಗ್‌ಹ್ಯಾಮ್ ಸೀಮೆಯಲ್ಲವೇ, ಕಲ್ಲಿದ್ದಲು ಗಣಿಯದು ಇನ್ನೊಂದು. ನೆಲದಡಿಯಲ್ಲಿ ಹಳೆಯ ಗಣಿ ಇದ್ದರೂ ಇರಬಹುದು ಎಂದಾಗ ಅಪ್ಪನಿಗೆ ಮೊದಲ ಬಾರಿಗೆ ಉತ್ಸಾಹ ಬಂತು. “ಇದ್ದಲು ಸಿಕ್ಕಿದ್ರೆ ನಮ್ಮದೇ ತಾನೆ?” ಇಲ್ಲಪ್ಪ, 1938ರ ಕಾಯಿದೆ ಅದನ್ನೆಲ್ಲ ಸರ್ಕಾರಕ್ಕೆ ಬರೆದುಕೊಟ್ಟಿದೆ ಎಂದೆ. ಉತ್ಸಾಹ ಇಳಿಯಿತು.

ಎಲ್ಲಕ್ಕಿಂತ ಸೊಗಸಾದದ್ದು ಚಾನ್ಸೆಲ್ ಸರ್ಚು. ಚಾನ್ಸೆಲ್ ಎಂದರೆ ಚರ್ಚಿನ ಗರ್ಭಗುಡಿಯ ಭಾಗ. ಹಿಂದೆ ಅದರ ದುರಸ್ತಿ ರೆಕ್ಟರ್ ಎನಿಸಿಕೊಂಡವರ ಹೊಣೆ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಜಮೀನು ಮಾರಿದಾಗ ಕೆಲವು ಹೊಲಗಳ ಜೊತೆ ಈ ಹೊಣೆಯೂ ಕೈ ಬದಲಾಯಿಸಿತು. ಸುಮಾರು 480 ವರ್ಷ ಕಳೆದರೂ ಅದು ಪೂರ್ತಿ ಅಳಿದಿಲ್ಲ. ವಾರಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಜಮೀನು ಪಿತ್ರಾರ್ಜಿತವಾಗಿ ಬಂದ ದಂಪತಿಗೆ ಚರ್ಚಿನವರು ದುರಸ್ತಿ ಬಿಲ್ಲು ಕಳಿಸಿದರು. ಅವರು ಒಲ್ಲೆವೆಂದು ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ 2003ರಲ್ಲಿ ಸೋತರು. ಕಡೆಗೆ ದುರಸ್ತಿ ಲೆಕ್ಕ ಸುಮಾರು 1,87,000 ಪೌಂಡಿಗೆ ನಿಂತಿತು, ವಕೀಲರ ಖರ್ಚು ಬೇರೆ. ಅಂದಿನಿಂದ ಪ್ರತಿ ಸಾಲಿಸಿಟರಿಗೂ ಗೋಪುರ ಕಂಡರೆ ಭಯ. ನಮ್ಮಿಂದಲೂ ಕೆಲವು ಪೌಂಡ್ ಈಸಿಕೊಂಡು ಚಾನ್ಸೆಲ್ ವಿಮೆ ಮಾಡಿಸಿದರು. ಅರಸೀಕೆರೆಯ ಈಶ್ವರ ದೇವಾಲಯದ ಕಲ್ಲೊಂದು ಜರುಗಿದರೂ ಅಪ್ಪನಿಗೆ ಬಿಲ್ಲು ಬಂದದ್ದಿಲ್ಲ, ಹೊಯ್ಸಳರ ಕಾಲದ ಗುಡಿ ಅದು. ಇಲ್ಲಿ ಚರ್ಚಿಗೆ ಕಾಲಿಡದ ನಾವು ಅದರ ಸೂರಿಗೆ ವಿಮೆ ಕಟ್ಟಿದ್ದೇವೆ.

ಇಷ್ಟಾದರೂ ಮನೆ ನಮ್ಮದೆಂದು ಯಾರೂ ಹೇಳುವಂತಿಲ್ಲ. ಅಜ್ಜಿ ‘ಸರಿ’ ಅಂದದ್ದು, ನಾವು ಕೈ ಕುಲುಕಿದ್ದು, ಬೋರ್ಡಿನ ಮೇಲೆ ಏಜೆಂಟ್ ‘ಸೋಲ್ಡ್’ ಅಂತ ಅಂಟಿಸಿದ್ದು, ಯಾವುದಕ್ಕೂ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಯಾರಾದರೂ ಹೆಚ್ಚು ದುಡ್ಡು ತೋರಿಸಿದರೆ ಅಜ್ಜಿ ಅತ್ತ ತಿರುಗಬಹುದು, ಗಝಂಪಿಂಗ್ ಎನ್ನುವ ಈ ಕೈಕೊಡುವಿಕೆ ಅಪರಾಧವಲ್ಲ. ಎರಡೂ ಕಡೆಯವರು ಒಂದೇ ಒಪ್ಪಂದದ ಒಂದೊಂದು ಪ್ರತಿಗೆ ಸಹಿ ಹಾಕಿ, ಸಾಲಿಸಿಟರುಗಳು ಅದನ್ನು ಅದಲು ಬದಲು ಮಾಡಿಕೊಂಡರೇ ಗಟ್ಟಿ. ನಮ್ಮಲ್ಲಿ ತಾಂಬೂಲ ಬದಲಾಯಿಸಿಕೊಂಡ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ತಾಂಬೂಲ ಬದಲಾಗುವುದು ಫೋನಿನಲ್ಲಿ, ವಧೂವರರಿಗೆ ಹೇಳದೆ, ಮತ್ತು ಆಮೇಲೆ ಹಿಂದೆ ಸರಿದರೆ ಬೆಲೆಯ ಶೇಕಡಾ 10ರಷ್ಟು ಮುಂಗಡ ಹೋಗುತ್ತದೆ. ಎಡಿನ್‌ಬರೋದಲ್ಲಿರುವ ಗೆಳೆಯ ಮಾತ್ರ, ನಮ್ಮ ಸ್ಕಾಟ್ಲೆಂಡಿನಲ್ಲಿ ಸಾಲಿಸಿಟರುಗಳೇ ಮನೆ ಮಾರುತ್ತಾರೆ, ಇಷ್ಟು ಗೋಳಿಲ್ಲ ಎಂದು ಆಗಾಗ ಫೋನು ಮಾಡಿ ಹೇಳುತ್ತಿದ್ದ. ಅಂಥ ಗೆಳೆಯರು ಎಲ್ಲರಿಗೂ ಇರುತ್ತಾರೆ.

ಅಷ್ಟರಲ್ಲಿ ಬಂದದ್ದು, ಅಜ್ಜಿ ಏನೇನು ಬಿಟ್ಟುಹೋಗುತ್ತಾರೆ ಎಂಬ ಫಾರಂ. ಪರದೆಯ ಸರಳು, ಬಟ್ಟೆ ಒಣಗಿಸುವ ಹಗ್ಗ, ಕಸದ ಡಬ್ಬಿ, ತೋಟದ ಬೊಂಬೆ, ಟಾಯ್ಲೆಟ್ ಪೇಪರ್ ಸಿಕ್ಕಿಸುವ ಹೋಲ್ಡರ್, ಎಲ್ಲಕ್ಕೂ ಒಂದೊಂದು ಚೌಕ. ದೀಪದ ಫಿಟಿಂಗ್ ಕಿತ್ತುಕೊಂಡು ಹೋದರೆ ಅಲ್ಲಿ ಹೋಲ್ಡರು ಮತ್ತು ಬಲ್ಬು ಹಾಕಿ ಹೋಗಬೇಕೆಂದೂ ಅಚ್ಚಾಗಿದೆ. ಮನೆಯ ಗಡಿ ಸುಮಾರಾಗಿ, ಬಲ್ಬು ಕರಾರುವಾಕ್ಕಾಗಿ. ಯಾವ ಶತಮಾನದಲ್ಲಿ ಯಾವ ಬಲ್ಬಿಗೆ ಎಂಥ ಜಗಳ ನಡೆದಿತ್ತೋ.

ಹಣ ಸಂದಾಯವಾಗಿ ಕೀಲಿಕೈ ಸಿಗುವ ದಿನ ಶುಕ್ರವಾರಕ್ಕೆ ನಿಗದಿಯಾಯಿತು. ಅಪ್ಪ ಒಂಟಿಕೊಪ್ಪಲ್ ಪಂಚಾಂಗ ತೆಗೆದರು. “ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಕಣೋ. ಆಗ ಬೇಡ ಅಂತ ಹೇಳು.” ಯಾವ ದೇಶದ ಹತ್ತೂವರೆ ಎಂದೆ. “ಮನೆ ಯಾವ ದೇಶದಲ್ಲಿದ್ಯೋ ಆ ದೇಶದ್ದು!” ಹಣ ಬ್ಯಾಂಕಿನಿಂದ ಬ್ಯಾಂಕಿಗೆ ತನ್ನ ಗತಿಯಲ್ಲಿ ಹೋಗುತ್ತದೆ, ಮಧ್ಯಾಹ್ನ ಎರಡು ದಾಟಿದರೆ ಮರುದಿನದ ಲೆಕ್ಕ, ಮರುದಿನವೆಂದರೆ ಸೋಮವಾರ ಎಂದೆಲ್ಲ ವಿವರಿಸಿದೆ. ಪ್ರಯೋಜನವಾಗಲಿಲ್ಲ. ಕಡೆಗೆ ಹಣ ಹನ್ನೆರಡರ ಮೇಲೆ ಮುಟ್ಟುವಂತೆ ಮಾಡಲಾದೀತೇ, ರಾಹುಕಾಲದ ತೊಂದರೆ ಇದೆ ಎಂದು ಸಾಲಿಸಿಟರ್ ಮೇಡಂಗೆ ಒಂದು ಸಾಲು ಬರೆದೆ.

ತೊಂದರೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸಾಲಿಸಿಟರ್ ಸುಮ್ಮನಿರುವುದುಂಟೇ? ಅದನ್ನು ಹೆಚ್ಚುವರಿ ಪ್ರಶ್ನೆಯಾಗಿ ಆ ಕಡೆಗೆ ಕಳಿಸಿದರು. ಈ ಸಲ ಉತ್ತರ ಬೇಗ ಬಂತು: ‘ರಾಹುಕಾಲ: ಮಾರುವವರಿಗೆ ತಿಳಿದ ಮಟ್ಟಿಗೆ ಈ ಆಸ್ತಿಯ ಮೇಲೆ ಅಂಥದ್ದು ಯಾವುದೂ ಇಲ್ಲ.’

ಅಪ್ಪನಿಗೆ ಓದಿ ಹೇಳಿದೆ. “ಲಿಖಿತವಾಗಿ ಕೊಟ್ಟಿದ್ದಾರಾ?” ಎಂದರು. ಹೌದೆಂದೆ.

“ಹಾಗಾದ್ರೆ ಪ್ರಿಂಟ್ ತೆಗೆದು ಬೀರುವಿನಲ್ಲಿ ಇಡು.”